ಆಣೆಗೆ ಕೈ ನೀಡದ ಮೇಷ್ಟ್ರು

ಚೆನ್ನರಾಯಪ್ಪ ಮೇಷ್ಟ್ರ ಮಾತಿಗೆ ಯಾರಾದರೂ ತಟ್ಟನೆ ಹೂಂಗುಟ್ಟಿಬಿಟ್ಟರೆ ಅವರ ಮುಖ ಬಾಡಿಹೋಗುತ್ತದೆ. ತೋರುಬೆರಳನ್ನು ಗಾಳಿಗೆತ್ತಿ, "ಒಪ್ಪಬೇಡಿ, ವಾದ ಮಾಡಿ!" ಎಂದು ಗದರುತ್ತಾರೆ, ಎದುರಿಗಿದ್ದವರು ತಡವರಿಸುತ್ತಾ ಒಂದು ಎದುರುಮಾತು ಹುಡುಕಿ ಆಡಿದರೋ, ಹಬ್ಬದೂಟಕ್ಕೆ ಎಲೆ ಹಾಕಿದ ಹಾಗೆ ಕಣ್ಣರಳಿಸಿ ಕೂತುಬಿಡುತ್ತಾರೆ. ಚಿಂತಾಮಣಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತರಾಗಿ ನಮ್ಮ ಮೇಲೂರಿಗೆ ಬಂದು ನೆಲೆಸಿ ಎಷ್ಟೋ ವರ್ಷವಾದರೂ ಪಾಠ ಮಾತ್ರ ನಿಂತಿಲ್ಲ. ಕಾಲೇಜಿನ ಕಂದು ಕೋಟೂ ಮೈಬಿಟ್ಟಿಲ್ಲ. ಅದನ್ನು ಪಂಚೆಯ ಮೇಲೆ ತೊಟ್ಟೇ ಹಿಪ್ಪುನೇರಳೆ ತೋಟಕ್ಕಿಳಿದು ಸೊಪ್ಪು ಕೊಯ್ಯುತ್ತಾರೆ; ಸೊಪ್ಪಿನ ಹಾಲು ಅಂಟಿ ಅಂಟಿ ಎರಡೂ ತೋಳುಗಳ ಅಂಚು ಕಪ್ಪುಗಟ್ಟಿದೆ. ನಡೆಯುವಾಗ ಮೈ ಮುಂದಕ್ಕೆ ಬಾಗಿರುತ್ತದೆ, ಮುಖ ಹಿಂದಕ್ಕೆ ತಿರುಗಿರುತ್ತದೆ, ಏಕೆಂದರೆ ಜೊತೆಗೆ ಬರುವವರಾರೂ ಅವರ ವೇಗಕ್ಕೆ ಸರಿಸಾಟಿಯಲ್ಲ, ಮಾತನ್ನಂತೂ ನಡುವೆ ಬಿಡುವಂತಿಲ್ಲ. ಹಾಗೆ ನಡೆದು ಅವರು ಒಮ್ಮೆ ಎಮ್ಮೆಗೆ, ಇನ್ನೊಮ್ಮೆ ಹಾಲಿನ ಡೇರಿಯ ಕಂಬಕ್ಕೆ ಡಿಕ್ಕಿ ಹೊಡೆದದ್ದುಂಟು.

ಪೇಟೆ ಸ್ವತಂತ್ರವಾಗಿರಬೇಕು, ಬೆಲೆಯನ್ನು ಯಾರೂ ಕಟ್ಟಿಹಾಕಬಾರದು ಎಂಬುದು ಅವರ ಸಿದ್ಧಾಂತ. ಇಷ್ಟು ಪೇಟೆಯ ಭಕ್ತರಾದವರು ಚೌಕಾಸಿಯಲ್ಲಿ ಹುಲಿಯಾಗಿರಬೇಕೆಂದು ನೀವು ಊಹಿಸಿದರೆ ತಪ್ಪಾಯಿತು. ಅವರು ಚೌಕಾಸಿಯನ್ನೇ ಮಾಡುವುದಿಲ್ಲ. ಮಾರುವವನು ಹೇಳಿದ್ದು ಅವನ ಮಾತು, ಬೇಕಾದರೆ ಕೊಳ್ಳಬೇಕು, ಬೇಡದಿದ್ದರೆ ನಮಸ್ಕಾರ ಹೇಳಿ ಮುಂದೆ ಹೋಗಬೇಕು ಎನ್ನುತ್ತಾರೆ. ಅವರ ಹೆಂಡತಿ ಲಕ್ಷ್ಮೀನರಸಮ್ಮ ನನ್ನ ಬಳಿ ಕೂತು ನಗುತ್ತಿರುತ್ತಾರೆ: "ಮಾರ್ಕೆಟ್ಟು ಮಾರ್ಕೆಟ್ಟು ಅಂತ ಊರಿಗೆಲ್ಲ ಸಾರ್ತಾರೆ ಕಣಮ್ಮ. ಇವರನ್ನ ಮಾರ್ಕೆಟ್ಟಿಗೆ ಕಳಿಸಿದ್ರೆ ಹುಳುಕು ಬದನೆಕಾಯಿನೂ ಅವನು ಹೇಳಿದ ರೇಟಿಗೇ ತರ್ತಾರೆ!"

ಸಂಜೆ ದೀಪ ಹಚ್ಚಿ ಗುಡಿಯಿಂದ ಬರುವಾಗ ನಾನು ಅವರ ಜಗಲಿಯ ಮುಂದೆ ನಿಲ್ಲುವುದು ರೂಢಿ. ನನಗೆ ಓದು ಕಡಿಮೆ. ಅವರು ಕೊಟ್ಟ ಪುಸ್ತಕಗಳನ್ನು ಅಕ್ಷರ ಕೂಡಿಸಿಕೊಂಡು ಓದಿದ್ದೇ ಹೆಚ್ಚು. "ಬೆಲೆ ಅನ್ನೋದು ಸುದ್ದಿ ತಾಯಿ" ಎಂದು ಒಮ್ಮೆ ಹೇಳಿದರು. "ಇಲ್ಲಿ ಕೊರತೆ ಇದೆ ಬನ್ನಿ ಅಂತ ಊರೂರಿಗೆ ಕೂಗೋ ಸುದ್ದಿ. ಅದರ ಬಾಯಿಗೆ ಬಟ್ಟೆ ತುರುಕಿದ್ರೆ ಯಾರು ಬರ್ತಾರೆ?"

"ಹಸಿದು ಬಂದೋರ ಹತ್ರ ಹೆಚ್ಚಿಗೆ ಕೇಳೋದು ಧರ್ಮವಾ ಸಾರ್?" ಎಂದೆ.

ಕುಣಿದೇಬಿಟ್ಟರು. "ಲಕ್ಷ್ಮೀ, ಕಾಫಿ ತಾ! ಇವತ್ತು ಸರಿಯಾದ ಪ್ರಶ್ನೆ ಬಂದಿದೆ!"

ಉತ್ತರ ಮಾತ್ರ ಅಂದು ಸಿಗಲಿಲ್ಲ. ಅದು ಸಿಕ್ಕಿದ್ದು ಕಳೆದ ಬೇಸಿಗೆಯ ಆಲಿಕಲ್ಲು ಮಳೆಯಲ್ಲಿ. ಒಂದೇ ಸಂಜೆ ಊರಿನ ಮೂಡಣ ಬಯಲಿನ ಹಿಪ್ಪುನೇರಳೆಯೆಲ್ಲ ಚಿಂದಿಯಾಯಿತು; ಪಡುವಣದ ನಾಲ್ಕಾರು ತೋಟಗಳು ಉಳಿದವು, ಮೇಷ್ಟ್ರದೂ ಸೇರಿ. ಆ ಹೊತ್ತಿಗೆ ಊರ ತುಂಬ ರೇಷ್ಮೆಹುಳು ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು. ಕೊನೆಯ ಸಲ ಪೊರೆ ಬಿಟ್ಟೆದ್ದ ಹುಳುವಿನ ಹಸಿವು ಕಂಡವರಿಗೇ ಗೊತ್ತು. ಗೂಡು ಕಟ್ಟುವವರೆಗಿನ ಆ ಒಂದು ವಾರ ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಬೆಳೆಯೇ ಇಲ್ಲ. ಸೊಪ್ಪಿನ ಬೆಲೆ ರಾತ್ರೋರಾತ್ರಿ ಎರಡರಷ್ಟಾಯಿತು.

ಊರಿನಲ್ಲೇ ದೊಡ್ಡ ಹುಳುಮನೆ ಮೋಹನ್‌ಬಾಬುವಿನದು. ಅವನೇ ಜನ ಸೇರಿಸಿ ಆಂಜನೇಯನ ಗುಡಿಯಲ್ಲಿ ಕರ್ಪೂರ ಹಚ್ಚಿಸಿದ. ಹಳೆಯ ಬೆಲೆಗಿಂತ ಹೆಚ್ಚಿಗೆ ಯಾರೂ ಕೇಳಕೂಡದು, ಯಾರೂ ಕೊಡಕೂಡದು ಎಂದು ಎಲ್ಲರೂ ಆರತಿಯ ಮೇಲೆ ಕೈಯಿಟ್ಟರು. ನಾನೂ ಇಟ್ಟೆ. ಕಷ್ಟದಲ್ಲಿ ಊರು ಒಂದಾಯಿತೆಂದು ಕಣ್ಣು ತುಂಬಿ ಬಂದಿತ್ತು. ಕೈ ಹಿಂದೆ ಕಟ್ಟಿ ನಿಂತವರು ಮೇಷ್ಟ್ರೊಬ್ಬರೇ.

"ಏಮಿ ಸಾರ್, ದೇವರಿಗೂ ಎದುರುವಾದವೇ?" ಎಂದ ಮೋಹನ್‌ಬಾಬು.

"ದೇವರ ಜೊತೆ ನಂಗೆ ಜಗಳ ಇಲ್ಲಪ್ಪ. ನೀನು ಅವನ ಕೈಲಿ ತಕ್ಕಡಿ ಕೊಟ್ಟು ಕೂರಿಸ್ತಿದ್ದೀಯಲ್ಲ, ಅದಕ್ಕೆ ಜಗಳ. ಬೆಲೆ ಕಟ್ಟಿಹಾಕಿದ್ರೆ ನಾಳೆ ಸೊಪ್ಪೇ ಹೊರಗೆ ಬರಲ್ಲ."

"ತೋಟ ಉಳೀತಲ್ಲ, ಅದಕ್ಕೇ ಈ ನೀತಿ!" ಎಂದು ಹಿಂದಿನಿಂದ ಯಾರೋ ಅಂದರು. ಗುಡಿಯೆಲ್ಲ ನಕ್ಕಿತು. ಮೇಷ್ಟ್ರ ಕಿವಿ ಕೆಂಪಾದವು, ಕೈ ಮಾತ್ರ ಮುಂದೆ ಬರಲಿಲ್ಲ.

ಆಣೆಯನ್ನು ಯಾರೂ ಮುರಿಯಲಿಲ್ಲ. ಸೊಪ್ಪನ್ನೂ ಯಾರೂ ಮಾರಲಿಲ್ಲ. ತೋಟ ಉಳಿದವರು "ನಮ್ಮ ಹುಳಕ್ಕೇ ಸಾಲದು" ಎಂದು ಬೇಲಿ ಎಳೆದುಕೊಂಡರು. ಗೌರಿಬಿದನೂರಿನ ಕಡೆಯಿಂದ ಸೊಪ್ಪು ಹೊತ್ತು ಬರಬೇಕಿದ್ದ ಟೆಂಪೋಗಳು, ಕಟ್ಟಿದ ಬೆಲೆಗೆ ಡೀಸೆಲ್ಲೂ ಗಿಟ್ಟುವುದಿಲ್ಲವೆಂದು ಚಿಂತಾಮಣಿಯ ದಾರಿ ಹಿಡಿದವು. ಮೂರನೆಯ ದಿನ, ಇದ್ದಬದ್ದ ಸೊಪ್ಪು ಮುಗಿದು, ವರಲಕ್ಷ್ಮಿ ನಮ್ಮ ಬಾಗಿಲಿಗೆ ಬಂದಳು. ಸ್ವಂತ ನೆಲವಿಲ್ಲದವಳು, ಬಾಡಿಗೆಯ ಕೋಣೆಯಲ್ಲಿ ಕೊಂಡ ಸೊಪ್ಪಿನಿಂದಲೇ ಹುಳು ಮೇಯಿಸುವವಳು. ಈ ಬೆಳೆ ಹೋದರೆ ಹುಳು ಸಾಕುವ ತಟ್ಟೆಗಳನ್ನು ಮಾರಿ ಮತ್ತೆ ಕೂಲಿಗೆ ಹೋಗಬೇಕಿತ್ತು. "ತಟ್ಟೆ ಅಂಚಿಗೆ ಬಂದು ತಲೆ ಎತ್ತಿ ನೋಡ್ತವೆ ಅಕ್ಕ" ಎಂದಳು. "ನಂಗೆ ಒಳಗೆ ಹೋಗೋಕೇ ಆಗ್ತಿಲ್ಲ."

ನಾನು ನೇರ ಮೇಷ್ಟ್ರ ಬಳಿಗೆ ಹೋದೆ. ಅವರು ಆಗಲೇ ಫೋನಿನಲ್ಲಿ ಗೌರಿಬಿದನೂರಿನ ಬೆಳೆಗಾರರನ್ನು ಹಿಡಿದಿದ್ದರು. "ಬೆಲೆ ನಿಮ್ಮಿಷ್ಟ, ಬನ್ರಯ್ಯಾ! ಏನು, ಆಣೆನಾ? ಹೌದು, ಇದೆ..." ಫೋನಿಟ್ಟು ತಲೆ ಹಿಡಿದುಕೊಂಡರು. ಕೊಳ್ಳುವವರ ಕೈಯನ್ನೂ ಆಣೆ ಕಟ್ಟಿತ್ತಲ್ಲ. "ಆಣೆಗೆ ಬಿಡುಗಡೆ ಇದೆ ಸಾರ್" ಎಂದೆ. "ಕೂಡಿ ಮಾಡಿದ ಆಣೆಯನ್ನ ಕೂಡಿಯೇ ಹೋಗಿ ತಪ್ಪುಕಾಣಿಕೆ ಕಟ್ಟಿ ಬಿಡಿಸ್ಕೋಬೇಕು." ಅವರು ಎದ್ದು ನಿಂತು ನನಗೆ ಕೈ ಮುಗಿದರು, ಮರುಕ್ಷಣ ಬೀದಿಯಲ್ಲಿದ್ದರು, ಮನೆಮನೆಯ ಬಾಗಿಲು ಬಡಿಯುತ್ತಾ. ಆ ಸಂಜೆಯೇ ಊರು ಗುಡಿಗೆ ಬಂತು. ಕಾಣಿಕೆ ಕಟ್ಟಿ ಎಲ್ಲರೂ ಹಗುರಾದೆವು. ಟೆಂಪೋಗಳು ಹೊರಟ ಸುದ್ದಿ ಬಂತು. ಆದರೆ ಅವು ತಲುಪುವುದು ಮರುದಿನ ಮಧ್ಯಾಹ್ನ. ಉಳಿದವರ ತೋಟ ಅವರ ಹುಳಕ್ಕೇ ಬೋಳಾಗಿತ್ತು; ಆಗಷ್ಟೇ ಕೊಯ್ಲಿಗೆ ಬಂದಿದ್ದದ್ದು ಹುಳು ಸಾಕದ ಮೇಷ್ಟ್ರ ತೋಟವೊಂದೇ.

ಬೆಳಗ್ಗೆ ತೋಟದ ಬದುವಿನ ಮೇಲೆ ಅರ್ಧ ಊರು ನೆರೆದಿತ್ತು. ಮೋಹನ್‌ಬಾಬು ನೇರ ವಿಷಯಕ್ಕೆ ಬಂದ. "ಇಡೀ ತೋಟ ನಂಗೇ ಸಾರ್. ಯಾರು ಎಷ್ಟು ಹೇಳಿದ್ರೂ ಅದರ ಮೇಲೆ ನಂದು." ವರಲಕ್ಷ್ಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹಿಂದೆ ನಿಂತಿದ್ದಳು. ಮೇಷ್ಟ್ರ ಪಾಠದ ಪ್ರಕಾರ ಸೊಪ್ಪು ಯಾರ ಪಾಲಾಗಬೇಕೆಂದು ಎಲ್ಲರಿಗೂ ಗೊತ್ತಿತ್ತು.

"ಅರ್ಧ ತೋಟ ನಿಂದು, ನೀನು ಹೇಳಿದ ಬೆಲೆಗೆ" ಎಂದರು ಮೇಷ್ಟ್ರು. "ಮಿಕ್ಕರ್ಧ ವರಲಕ್ಷ್ಮಿಗೆ."

"ಅವಳೆಷ್ಟು ಕೊಡ್ತಾಳಂತೆ?"

"ಈಗೇನೂ ಇಲ್ಲ. ಪಾಲು. ಗೂಡಾದ್ರೆ ನಾಲ್ಕರಲ್ಲಿ ಒಂದು ಪಾಲು ನಂಗೆ. ಆಗದಿದ್ರೆ ನನ್ನ ಸೊಪ್ಪು ಮಣ್ಣುಪಾಲು."

ಮೋಹನ್‌ಬಾಬು ಕೈತಟ್ಟಿ ನಕ್ಕ. "ಹಸಿದ ಹುಳದ ಮೇಲೆ ಪಾಲಾ? ಮಾರ್ಕೆಟ್ ಪಾಠ ಎಲ್ಲಿಗೋಯ್ತು ಸಾರ್? ಹೆಚ್ಚು ಕೊಡೋನಿಗೆ ಅಲ್ವಾ ಸೊಪ್ಪು?"

"ಹಾಗಂತ ಯಾವತ್ತಯ್ಯಾ ಹೇಳಿದೆ ನಾನು?" ಮೇಷ್ಟ್ರ ಬೆರಳು ಗಾಳಿಗೇರಿತು. "ಮಾರೋನು ಸ್ವತಂತ್ರ ಅಂದೆ. ಯಾರಿಗೆ ಮಾರಬೇಕು, ಯಾವ ಕರಾರಿಗೆ ಅನ್ನೋದೂ ಆ ಸ್ವಾತಂತ್ರ್ಯದಲ್ಲೇ ಸೇರಿದೆ. ಬೆಲೆ ನಂಗೆ ಸುದ್ದಿ ಹೇಳುತ್ತೆ, ಅಪ್ಪಣೆ ಕೊಡಲ್ಲ! ಒಪ್ಪಬೇಡ, ವಾದ ಮಾಡು!"

ಮೋಹನ್‌ಬಾಬು ಕುಡುಗೋಲು ತೆಗೆದುಕೊಂಡು ತನ್ನ ಸಾಲಿಗೆ ಇಳಿದ. ನಾನು ಮೆಲ್ಲನೆ "ಒಳ್ಳೆ ದಯೆ ಮಾಡಿದ್ರಿ ಸಾರ್" ಎಂದೆ. ಕೆರಳಿಬಿಟ್ಟರು. "ದಯೆ ಅನ್ನಬೇಡಿ ತಾಯಿ! ಅವಳು ನನ್ನ ಪಾಲುಗಾರ್ತಿ. ಹುಳು ಮೇಯಿಸೋದ್ರಲ್ಲಿ ಅವಳ ಕೈ ಚೆನ್ನಾಗಿದೆ, ನಂಬಿ ಹಾಕಿದ್ದೀನಿ."

ಮಧ್ಯಾಹ್ನದ ಹೊತ್ತಿಗೆ ಟೆಂಪೋಗಳು ಬಂದವು. ಸಂಜೆಗೆ ಇನ್ನಷ್ಟು. ಬೆಲೆ ಒಮ್ಮೆ ಮೇಲೆದ್ದು ಮರುದಿನವೇ ಇಳಿಯತೊಡಗಿತು, ಎಲ್ಲ ಹುಳುಮನೆಗಳಲ್ಲೂ ಹಸಿರು ಬಿತ್ತು. ತಡವಾಗಿ ಉಂಡ ಕೆಲವರ ಹುಳು ಸಣಕಲಾದವು. ಅದನ್ನು ಮುಚ್ಚಿಟ್ಟು ಬರೆಯಲಾರೆ. ವರಲಕ್ಷ್ಮಿಯವು ಹೊಟ್ಟೆ ತುಂಬಿ ಹಣ್ಣಾಗಿ, ಗೂಡಿಗೆಂದು ಹೆಣೆದ ಬಿದಿರಿನ ಚಂದ್ರಿಕೆಯೇರಿ ಒತ್ತಾಗಿ ಗೂಡು ಕಟ್ಟಿದವು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ನಾವು ಮೂವರೂ ಹೋದೆವು. ಹರಾಜಿನ ಪರದೆಯ ಮೇಲೆ ಅವಳ ಗೂಡಿನ ಬೆಲೆ ಏರುತ್ತಿದ್ದಾಗ ಮೇಷ್ಟ್ರು ಅದನ್ನು ಮೊದಲ ಸಲ ಕಂಡ ಮಗುವಿನಂತೆ ನನ್ನ ಭುಜ ತಟ್ಟಿ ತಟ್ಟಿ "ನೋಡಿ ನೋಡಿ!" ಎನ್ನುತ್ತಿದ್ದರು. ತಮ್ಮ ಪಾಲನ್ನು ಒಂದಿಷ್ಟೂ ಬಿಡದೆ ತೆಗೆದುಕೊಂಡರು. ನನಗೆ ಕೊಂಚ ಕಸಿವಿಸಿಯಾಯಿತು. ಬಸ್ಸಿನಲ್ಲಿ ಅದನ್ನು ವರಲಕ್ಷ್ಮಿಗೆ ಹೇಳಿದಾಗ ಅವಳು ನಕ್ಕಳು.

"ಧರ್ಮಕ್ಕೆ ಕೊಟ್ಟಿದ್ರೆ ಅವರೆದುರಿಗೆ ತಲೆ ತಗ್ಗಿಸಿಕೊಂಡು ಓಡಾಡಬೇಕಿತ್ತು ಅಕ್ಕ. ಈಗ ನೋಡು, ಮುಂದಿನ ಬೆಳೆಗೆ ಅವರ ಸೊಪ್ಪು ಬಲಿತು ಒರಟಾಗಿದ್ರೆ ಜಗಳ ಆಡ್ತೀನಿ."

ಕರುಣೆ ಎಂದರೆ ಬಾಗಿ ಕೊಡುವ ಕೈ ಎಂದೇ ನಾನು ತಿಳಿದಿದ್ದೆ. ಸರಿಸಮನಾಗಿ ನಿಂತು ಕೇಳುವ ಕೈಯಲ್ಲೂ ಅದು ಇರಬಹುದೆಂದು ಈಗ ನಂಬುತ್ತೇನೆ. ಇಂಥವರು ಊರಿಗೆ ಹಿತವಾದ ಜನರಲ್ಲ. ಎಲ್ಲರೂ ಕೈಯಿಟ್ಟ ಕಡೆ ಕೈಯಿಡುವುದಿಲ್ಲ, ಒಳ್ಳೆಯವರೆನಿಸಿಕೊಳ್ಳುವ ಸುಲಭದ ಸಮಯಗಳನ್ನೆಲ್ಲ ಕಳೆದುಕೊಳ್ಳುತ್ತಾರೆ, ಹೊಗಳಿದರೆ ಸಿಡುಕುತ್ತಾರೆ. ಆದರೆ ತಮಗೆ ಬೇಕೆಂದು ಕೇಳಿದ ಸ್ವಾತಂತ್ರ್ಯ ಕೈಗೆ ಬಂದ ದಿನ, ಅದರಿಂದ ಏನು ಮಾಡಿದೆ ಎಂಬ ಲೆಕ್ಕವನ್ನು ತಮ್ಮ ಮನಸ್ಸಿಗೇ ಒಪ್ಪಿಸುತ್ತಾರೆ; ಅದಕ್ಕಿಂತ ಕಟ್ಟುನಿಟ್ಟಾದ ಆಣೆಯನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ.