ನಾಲ್ಕು ಸುರುಳಿಯ ಕಟ್ಟು

ವೈರು ಬುಟ್ಟಿಯನ್ನು ಮೇಜಿನ ಮೇಲಿಟ್ಟು ಅನು ಟವೆಲ್ಲು ಬಿಚ್ಚಿದಳು. ಪಾಠಕ್ಕೆಂದು ತಂದ ಮಾದರಿಯಲ್ಲಿ ಒಳಗಿರಬೇಕಾದ ಕೆಂಪೆಲ್ಲ ಹೊರಗೆ ಬಂದು ಕೂತಿತ್ತು.

ಅದು ಕೆ.ಆರ್. ಪೇಟೆಯ ಕಾಲೇಜೊಂದರ ತರಗತಿ, ೧೯೯೫ರ ಜೂನ್. ಮುಂದಿನ ಬೆಂಚಿನಲ್ಲಿ ಪ್ರಾಂಶುಪಾಲರು, ಅವರ ಪಕ್ಕದಲ್ಲಿ ಪಾಠ ಕೇಳಿ ಅಭಿಪ್ರಾಯ ಹೇಳಲೆಂದು ಕರೆಸಿದ್ದ ನಿವೃತ್ತ ಮೇಷ್ಟ್ರು ಶ್ರೀಕಂಠಯ್ಯ, ಹಿಂದೆ ಬಿ.ಎಸ್‌ಸಿ. ಹುಡುಗ ಹುಡುಗಿಯರು. ಪಾಠ ಒಪ್ಪಿಗೆಯಾದರೆ ಅಧ್ಯಾಪಕಿ ಕೆಲಸ. ಮೈಸೂರಿನ ಲ್ಯಾಬಿನಲ್ಲಿ ವರ್ಷಗಟ್ಟಲೆ ಪೆಪ್ಟೈಡು ಎಂಬ ಪ್ರೋಟೀನಿನ ತುಂಡು ಸರಗಳನ್ನು ಜೋಡಿಸುತ್ತ ಕೂತವಳಿಗೆ ಈ ಕೆಲಸ ಬೇಕೇ ಬೇಕಿತ್ತು. ಕಲಿತದ್ದನ್ನು ಯಾರಿಗೂ ಹೇಳದೆ ಅವಳಿಗೆ ಹೊಟ್ಟೆ ಉಬ್ಬಿಹೋಗಿತ್ತು.

ಮಾದರಿ ಅವಳೇ ಮಾಡಿದ್ದು. ತಂತಿಯ ನಾಲ್ಕು ಸುರುಳಿಗಳು. ಪ್ರತಿಯೊಂದಕ್ಕೂ ಒಂದು ಮಗ್ಗುಲಿಗೆ ಕೆಂಪು ಉಲ್ಲನ್ನಿನ ಉಂಡೆಗಳು, ಇನ್ನೊಂದು ಮಗ್ಗುಲಿಗೆ ಬಿಳಿ. ಕೆಂಪು ಅಂದರೆ ನೀರು ಆಗದ, ಎಣ್ಣೆಯ ಸ್ವಭಾವದ ಅಮೈನೊ ಆಮ್ಲ, ಪ್ರೋಟೀನು ಸರದ ಒಂದು ಬಗೆಯ ಮಣಿ. ಬಿಳಿಯದಕ್ಕೆ ನೀರೆಂದರೆ ಪ್ರಾಣ. ಲ್ಯಾಬಿನಲ್ಲಿ ಪೋಣಿಸಿದ ಇಂಥ ಸರಗಳು ನೀರಿಗಿಳಿದರೆ ಸುರುಳಿಯಾಗುತ್ತವೆ. ನಾಲ್ಕು ಸುರುಳಿ ಒಟ್ಟುಗೂಡಿ, ಕೆಂಪನ್ನು ಮಧ್ಯಕ್ಕೆ ಅಡಗಿಸಿಕೊಂಡು ಒಂದು ಕಟ್ಟಾಗಿ ನಿಲ್ಲುತ್ತವೆ. ಪಾಠವೆಲ್ಲ ಇಷ್ಟೇ. ತನ್ನೂರು ಚಿನಕುರಳಿಯ ಮನೆಯಲ್ಲಿ ನಿನ್ನೆ ಹಾಗೆಯೇ ಕಟ್ಟಿಟ್ಟಿದ್ದಳು.

ಇದು ಅವ್ವನದೇ ಕೆಲಸ. ಊರಿಗೆಲ್ಲ ವೈರು ಬುಟ್ಟಿ, ಉಲ್ಲನ್ ತೋರಣ ಹಾಕಿಕೊಡುವ ಸೋಮಮ್ಮ, ಚೆಂದದ ಮಗ್ಗುಲು ಒಳಗೆ ಬಿದ್ದಿರುವುದನ್ನು ನೋಡಿ ಸುಮ್ಮನಿರುವ ಹೆಂಗಸೇ! ಬೆಳಿಗ್ಗೆ ಬಸ್ಸು ಹತ್ತಿಸುವಾಗ, "ಒಸಿ ಸರಿ ಮಾಡಿವ್ನಿ ಕಣಮ್ಮಿ, ಬಿಚ್ಬ್ಯಾಡ" ಅಂದಿದ್ದಳು. ಟವೆಲ್ಲಿನ ಮಾತಿರಬೇಕೆಂದು ಅನು ತಲೆಯಾಡಿಸಿದ್ದಳು.

ಈಗ ಅವ್ವ ಸುರುಳಿಗಳನ್ನು ಬಿಗಿದಿದ್ದ ಗಂಟು ಬಿಚ್ಚಲು ನೋಡಿದಳು. ಬುಟ್ಟಿಯ ಹಿಡಿಗೆ ಹಾಕುವ ಗಂಟು ಅದು, ಎಷ್ಟು ರಾಗಿ ಹೊತ್ತರೂ ಜಗ್ಗದ್ದು. ಉಗುರು ಮುರಿಯಿತು, ಗಂಟು ಬಿಡಲಿಲ್ಲ. ಅವ್ವನ ಮೇಲೆ ಕೆಟ್ಟ ಕೋಪ ಬಂತು.

"ಶುರು ಮಾಡೀಮ್ಮ," ಅಂದರು ಪ್ರಾಂಶುಪಾಲರು.

ಶುರು ಮಾಡಿದಳು. ಕೆಂಪು, ಬಿಳಿಯ ಗುಣ ಹೇಳಿ ಮುಗಿಸುವಷ್ಟರಲ್ಲಿ ಶ್ರೀಕಂಠಯ್ಯ ಕನ್ನಡಕ ಏರಿಸಿದರು. "ಕೆಂಪಿಗೆ ನೀರು ಆಗಲ್ಲ ಅಂತೀರಿ. ಇಲ್ಲಿ ಕೆಂಪೇ ಮೆರವಣಿಗೆ ಹೊರಟಿದೆಯಲ್ಲ?"

ಹಿಂದಿನ ಬೆಂಚುಗಳಲ್ಲಿ ಕಿಸಕ್ಕನೆ ನಕ್ಕರು. ಅನು ಮಾದರಿಯನ್ನು ಎತ್ತಿ ಹಿಡಿದಳು.

"ತಪ್ಪಾಗಿದೆ ಸರ್. ಚೆಂದ ಕಾಣಲಿ ಅಂತ ನಮ್ಮವ್ವ ತಿರುಗಿಸಿ ಕಟ್ಟಿದ್ದಾಳೆ." ನಗು ಅಡಗುವವರೆಗೆ ಕಾದು ಹುಡುಗರತ್ತ ತಿರುಗಿದಳು. "ಇದನ್ನ ಹಿಂಗೇ ನೀರಿಗೆ ಹಾಕಿದ್ರೆ ಏನಾಗುತ್ತೆ? ನೀವೇ ಹೇಳಿ."

"ಬಿಚ್ಕೊಂಡೋಯ್ತದೆ ಮಿಸ್," ಅಂದ ಒಬ್ಬ.

"ಇಲ್ಲ ಕಣ್ಲಾ, ತಿರೀಕ್ಕೊಂಡು ಕೆಂಪು ಒಳಿಕ್ಕೋಯ್ತದೆ," ಅಂದ ಪಕ್ಕದವನು. ತರಗತಿ ಎರಡು ಪಾಲಾಗಿ ಜಗಳಕ್ಕೇ ನಿಂತಿತು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಎದ್ದಳು. "ಮಿಸ್, ಸುತ್ತ ನೀರೇ ಇಲ್ದೆ ಬರೀ ಎಣ್ಣೆ ಇದ್ರೆ?"

ಅನುವಿನ ಮುಖ ಅರಳಿತು. "ಆಗ ನಮ್ಮವ್ವ ಕಟ್ಟಿದ್ದೇ ಸರಿ! ಜೀವಕೋಶಕ್ಕೆ ಕೊಬ್ಬಿನ ಪೊರೆ ಇರುತ್ತಲ್ಲ, ಅದರೊಳಗೆ ನಿಲ್ಲೋ ಸುರುಳಿಗಳು ಎಣ್ಣೆ ಮಗ್ಗುಲನ್ನ ಆಚೆಗೇ ಹಾಕ್ಕೊಂಡಿರ್ತವೆ."

ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಸೋಮವಾರದಿಂದಲೇ ಬನ್ನಿ ಅಂದರು ಪ್ರಾಂಶುಪಾಲರು. ಶ್ರೀಕಂಠಯ್ಯ ಕಟ್ಟನ್ನು ಕೈಗೆ ತೆಗೆದುಕೊಂಡು, "ಇದು ಇಲ್ಲೇ ಇರಲಿ. ನೀರಿನದೂ ಒಂದು ಮಾಡಿಸಿ ತನ್ನಿ," ಎಂದರು.

ಸಂಜೆ ಸೋಮಮ್ಮ ಜಗುಲಿಯಲ್ಲೇ ಕಾಯುತ್ತಿದ್ದಳು. "ಕೆಲ್ಸ ಸಿಕ್ತಾ?"

"ಸಿಕ್ತವ್ವ."

"ನಂಗೊತ್ತಿತ್ತು ಬುಡು! ಆ ಕೆಂಪು ಕಂಡ್ಮೇಲೆ ಯಾರು ಬ್ಯಾಡ ಅಂದಾರು?"

ಬೈಯಬೇಕೆಂದು ಮಾತು ಜೋಡಿಸಿಟ್ಟುಕೊಂಡೇ ಬಂದಿದ್ದ ಅನು ಅವ್ವನನ್ನು ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇನ್ನೊಂದು ಕಟ್ಕೊಡವ್ವ. ಈ ಸಲ ಕೆಂಪು ಒಳಿಕ್ಕೆ."

"ಒಳಿಕ್ಯಾಕಮ್ಮಿ? ಅಲ್ಲಿದ್ರೆ ಯಾರ್ ನೋಡ್ತಾರೆ?"

"ಯಾರೂ ನೋಡಲ್ಲ. ಅದು ಒಳಗಿದ್ರೇನೇ ಕಟ್ಟು ನಿಲ್ಲೋದು."

"ಏನ್ ಓದೋ, ಏನ್ ಕತೆಯೋ," ಎಂದು ಗೊಣಗುತ್ತ ಸೋಮಮ್ಮ ಉಲ್ಲನ್ನು, ಕತ್ತರಿ ತಂದು ಉಂಡೆ ಕಟ್ಟಲು ಕೂತಳು. ಒಳಗೆ ಮುಚ್ಚಿಹೋಗಲಿದ್ದ ಕೆಂಪು ಉಂಡೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಒಂದೆಳೆಯೂ ಹೆಚ್ಚುಕಮ್ಮಿಯಾಗದಂತೆ ದುಂಡಗೆ ಕತ್ತರಿಸತೊಡಗಿದಳು.