ಚಿಪ್ಪಿನ ಸುಣ್ಣ

“ಮೊದ್ಲು ಆ ಬೆಂಕಿ ಆರ್ಸು!” ಚೆನ್ನರಾಯಪ್ಪ ಬೇಲಿಯ ಆಚೆ ನಿಂತು ಕೂಗಿದ. ಊರ ಹೊರಗಿನ ಕಾಲೋನಿಯವರ ಅಂಗಳಕ್ಕೆ ಕಾಲಿಡುವ ವಾಡಿಕೆ ಅವನ ಮನೆತನದಲ್ಲೇ ಇರಲಿಲ್ಲ. ಹಾಗಾಗಿ ಜಗಳವನ್ನೂ ಪಾಪ ರಸ್ತೆಯಲ್ಲಿ ನಿಂತೇ ಮಾಡಬೇಕಿತ್ತು.

ಲಕ್ಷ್ಮಿದೇವಮ್ಮ ತಿರುಗಿ ನೋಡದೆ ಸುಣ್ಣದ ಭಟ್ಟಿಗೆ ಇನ್ನೊಂದು ಮಂಕರಿ ಚಿಪ್ಪು ಸುರಿದಳು. ನೆಲ್ಲೂರಿನ ಕಡೆಯ ಲಾರಿಯವರು ತಂದು ಹಾಕುವ ಸಮುದ್ರದ ಚಿಪ್ಪು ಅದು. ಒಳಗಿನ ಜೀವ ಯಾರದೋ ಹೊಟ್ಟೆ ಸೇರಿದ ಮೇಲೆ ಅಲ್ಲಿ ಅದು ಬರೀ ಕಸ. ಇಲ್ಲಿ ದಿಬ್ಬೂರಹಳ್ಳಿಯಲ್ಲಿ ಅದೇ ಅವಳ ಬದುಕು. ಇದ್ದಿಲಿನ ನಡುವೆ ಕೆಂಪಗೆ ಕಾದ ಚಿಪ್ಪು ಆರಿದ ಮೇಲೂ ಗೆರೆಗಳ ಸಮೇತ ಹಾಗೆಯೇ ಇರುತ್ತದೆ, ಕೈಗೆ ಹಗುರ ಅಷ್ಟೆ. ನೀರು ಚಿಮುಕಿಸಿದರೆ ಬುಸುಗುಟ್ಟಿ, ಬಿಸಿಯೇರಿ, ಅರಳಿ ಹಿಟ್ಟಾಗುತ್ತದೆ.

ರೇಷ್ಮೆ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ಪೊರೆ ಕಳಚಲು ತಲೆಯೆತ್ತಿ ನಿಲ್ಲುವುದಕ್ಕೆ ಊರವರು ಜ್ವರ ಎನ್ನುತ್ತಾರೆ. ಆಗ ಈ ಸುಣ್ಣವನ್ನು ಜರಡಿ ಹಿಡಿದು ಉದುರಿಸಿದರೆ ತಟ್ಟೆಯ ತೇವವೆಲ್ಲ ಹೀರಿಕೊಂಡು ಹುಳವನ್ನು ಕಾಯುತ್ತದೆ. ಹೀಗೆ ಅವಳ ಸುಣ್ಣ ಎಲ್ಲರ ಹುಳದ ಮನೆಯೊಳಕ್ಕೂ ಹೋಗುತ್ತಿತ್ತು. ಅವಳು ಮಾತ್ರ ಹಿತ್ತಿಲ ಬಾಗಿಲಲ್ಲಿ ಮಂಕರಿ ಇಳಿಸಿ ಹಿಂದಕ್ಕೆ ಬರಬೇಕು.

“ನಿನ್ನ ಹೊಗೆಗೇ ನನ್ನ ಹುಳವೆಲ್ಲ ಸತ್ತೋದ್ವು. ಪಂಚಾಯ್ತೀಲೂ ಮಾತಾಗೈತೆ, ಭಟ್ಟಿ ಕೆಡವ್ಬೇಕು.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಇದ್ದಿಲ ಬೆಂಕೀಲಿ ಹೊಗೆ ಎಲ್ಲೈತೆ ತೋರ್ಸಿ ಗೌಡ್ರೆ.”

ಅವನ ಹುಳ ಯಾಕೆ ಸತ್ತವೋ ನಿಜಕ್ಕೂ ಯಾರಿಗೂ ಗೊತ್ತಿರಲಿಲ್ಲ. ಊರಿಗೆ ಒಂದು ಕಾರಣ ಬೇಕಿತ್ತು, ಕಾಲೋನಿಯ ಭಟ್ಟಿ ಕಣ್ಣೆದುರಿಗೇ ಇತ್ತು.

ಭಟ್ಟಿ ಹೋದರೆ ಇವಳಿಗೂ ಗಂಡ ನಲ್ಲಪ್ಪನಿಗೂ ಉಳಿಯುವುದು ಇದೇ ಗೌಡನ ತೋಟದ ಕೂಲಿ. ಅದನ್ನು ನೆನೆದೇ ಅವಳ ಮೈ ಉರಿಯಿತು. ಕೈಯ ಸಲಿಕೆ ನೆಲಕ್ಕೆ ಊರಿ ಬೇಲಿಯವರೆಗೂ ಬಂದಳು.

“ಇಲ್ಲೇ, ಈ ಭಟ್ಟಿ ಪಕ್ಕದಾಗೇ ನಾನು ಹುಳ ಸಾಕ್ತೀನಿ. ಬೆಂಕಿ ಉರೀತಾನೇ ಇರ್ತೈತೆ. ಗೂಡು ಕಟ್ದೆ ಸತ್ವು ಅಂದ್ರೆ ಭಟ್ಟೀನ ನಾನೇ ಕೈಯಾರೆ ಕೆಡವ್ತೀನಿ. ಗೂಡು ಕಟ್ಟಿದ್ರೆ ಮತ್ತೆ ಯಾರೂ ಈ ಮಾತೆತ್ತಬಾರ್ದು.”

ಚೆನ್ನರಾಯಪ್ಪ ನಕ್ಕು ಹೊರಟುಹೋದ. ಒಳಗಿದ್ದ ನಲ್ಲಪ್ಪ ತಲೆಯ ಮೇಲೆ ಕೈ ಹೊತ್ತು ಹೊರಗೆ ಬಂದ. “ದೇವುಡಾ! ಹುಳ ಸಾಕಿ ಗೊತ್ತೇನೇ ನಿಂಗೆ?”

“ಗೊತ್ತಿಲ್ಲ. ಕಲೀತೀನಿ.”

ಸಾದಲಿಯಲ್ಲಿದ್ದ ಅಕ್ಕ ಗಂಗುಲಮ್ಮ ತನ್ನ ಹುಳದಲ್ಲೇ ಒಂದಿಷ್ಟು ಕೊಟ್ಟಳು. ಒದ್ದೆ ಬಟ್ಟೆ ಮುಚ್ಚಿದ ತಟ್ಟೆಯನ್ನು ಲಕ್ಷ್ಮಿದೇವಮ್ಮ ಬಸ್ಸಿನಲ್ಲಿ ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಳು. ಮನೆಗೆ ಇದ್ದದ್ದು ಒಂದೇ ಕೋಣೆ. ಹುಳ ಅಲ್ಲಿ ಮಲಗಿದವು, ಗಂಡ ಹೆಂಡತಿ ಜಗಲಿಗೆ ಬಂದರು. ಹೊರಗೆ ಭಟ್ಟಿ ಉರಿಯಿತು, ಒಳಗೆ ಹುಳ ಸೊಪ್ಪು ತಿಂದವು. ಕೆಲವು ಸತ್ತವು ಕೂಡ. ಅವನ್ನು ಆರಿಸಿ ಎಸೆಯುವಾಗ ಅವಳಿಗೆ ಅಳು ಬಂದುಬಿಡುತ್ತಿತ್ತು. ನಲ್ಲಪ್ಪ ಬೈಯುತ್ತಲೇ ಹೋಗಿ ಹಿಪ್ಪುನೇರಳೆ ಸೊಪ್ಪು ತರುತ್ತಿದ್ದ.

ಆಮೇಲೆ ಮಳೆ ಹಿಡಿಯಿತು. ಚೆನ್ನರಾಯಪ್ಪನ ಮನೆಯಲ್ಲಿ ಹೊಸ ಹುಳ ಕೊನೆಯ ಜ್ವರಕ್ಕೆ ಕೂತಿತ್ತು, ತಟ್ಟೆಗಳೆಲ್ಲ ತೇವ. ಎಂದಿನಂತೆ ಸುಣ್ಣ ಹಿತ್ತಿಲ ಬಾಗಿಲಿಗೆ ತರಬೇಕೆಂದು ಅವನ ಹೆಂಡತಿ ಮಂಗಮ್ಮ ಹೇಳಿಕಳಿಸಿದಳು.

“ಇನ್ಮೇಲೆ ಹಿತ್ಲಿಗೆ ತರಲ್ಲ. ಬೇಕಾದೋರು ನಮ್ಮನೆ ಒಳಗೆ ಬಂದು ತಗೊಂಡೋಗ್ಲಿ,” ಎಂದು ಲಕ್ಷ್ಮಿದೇವಮ್ಮ ಹೇಳಿಕಳಿಸಿದಳು.

“ಕೆಟ್ವಿ ಕಣೇ,” ಎಂದ ನಲ್ಲಪ್ಪ.

“ಕೆಟ್ರೆ ಕೆಡಾಣ.”

ಗೌಡನ ಮನೆಯವರು ಶಿಡ್ಲಘಟ್ಟಕ್ಕೆ ಹೋಗಿ ಸುಣ್ಣ ತರೋಣವೆಂದರೆ ಹಳ್ಳದ ನೀರು ರಸ್ತೆಗೆ ಬಂದು ಬಸ್ಸು ನಿಂತಿತ್ತು. ಜ್ವರಕ್ಕೆ ಕೂತ ಹುಳ ಗೌಡನ ಮಾನಮರ್ಯಾದೆಗೆಂದು ಕಾಯುವುದಿಲ್ಲ. ಮಧ್ಯಾಹ್ನ ಮಳೆ ಬಿಟ್ಟಾಗ ಚೆನ್ನರಾಯಪ್ಪ ಖಾಲಿ ಮಂಕರಿ ಹಿಡಿದು ಬೇಲಿಯ ಹತ್ತಿರ ಬಂದು ಕೆಮ್ಮಿದ. ಯಾರೂ ಏಳಲಿಲ್ಲ. ಇನ್ನೊಂದು ಸಲ ಕೆಮ್ಮಿದ. ಕೊನೆಗೆ ತಾನೇ ಬೇಲಿಯ ಪಡಿ ತಳ್ಳಿ ಅಂಗಳಕ್ಕೆ ಬಂದ. ಅವನ ಕಾಲಡಿ ಚಿಪ್ಪುಗಳು ಕಟಕಟ ಮುರಿದವು.

“ಸುಣ್ಣ ಕೊಡಮ್ಮ.”

“ಒಳಗೈತೆ, ಬನ್ನಿ. ಚಪ್ಲಿ ಇಲ್ಲೇ ಬಿಡಿ ಗೌಡ್ರೆ, ಒಳಗೆ ಹುಳ ಐತೆ. ಆ ಸುಣ್ಣದ ಮೇಲೆ ಕಾಲಿಟ್ಟು ಬನ್ನಿ.”

ಹೊಸ್ತಿಲ ಮುಂದೆ ಗೋಣಿತಾಟಿನ ಮೇಲೆ ಸುಣ್ಣ ಹರವಿತ್ತು. ಹುಳದ ಮನೆಯ ಕಟ್ಟಳೆ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಚಪ್ಪಲಿ ಕಳಚಿದ. ಆಮೇಲೆ ಒದ್ದೆ ಕಾಲನ್ನು ಸುಣ್ಣದಲ್ಲಿ ಅದ್ದಿ, ತಲೆ ತಗ್ಗಿಸಿ ಒಳಗೆ ಹೋದ.

ಗೋಡೆಗೆ ಒರಗಿಸಿದ್ದ ಬಿದಿರ ತಟ್ಟಿಯ ಚಂದ್ರಿಕೆಯ ತುಂಬ ಹಣ್ಣಾದ ಹುಳಗಳು ಗೂಡು ಕಟ್ಟುತ್ತಿದ್ದವು. ಚೆನ್ನರಾಯಪ್ಪನ ಕೈ ತಡೆಯಲಿಲ್ಲ. ಒಂದು ಗೂಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ. ಗಟ್ಟಿಯಾಗಿತ್ತು.

“ಚೆನ್ನಾಗವೆ,” ಎಂದ. ಗೂಡಿನಿಂದ ಕೈ ತೆಗೆದು, “ಪಂಚಾಯ್ತಿಯೋರಿಗೆ ನಾನು ಹೇಳ್ತೀನಿ ಬಿಡು, ಲಕ್ಷ್ಮಿದೇವಮ್ಮ.”

“ಹೇಳಿದ್ರೂ ಸರಿ, ಬಿಟ್ರೂ ಸರಿ. ಭಟ್ಟಿಯಂತೂ ಉರೀತದೆ.”

ಅವಳು ಮಂಕರಿ ತುಂಬಿಸಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೊಟ್ಟಳು. ಹೊತ್ತು ತರುತ್ತೇನೆಂದು ನಲ್ಲಪ್ಪ ಎದ್ದ. ಅವಳು ನೋಡಿದ ನೋಟಕ್ಕೆ ಮತ್ತೆ ಕೂತ. ಚೆನ್ನರಾಯಪ್ಪನೇ ಮಂಕರಿಯನ್ನು ತಲೆಗೇರಿಸಿದ. ಸುಣ್ಣದ ಕಾಲಿಗೆ ಮೆಟ್ಟಿಕೊಂಡರೆ ಅದರ ತೊಗಲು ಕೆಡುತ್ತದೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡ.

ಕಾಲೋನಿಯ ಜನ ಬಾಗಿಲಿಗೆ ಬಂದು ನಿಂತರು. ಮಳೆಯಲ್ಲಿ ನೆಂದು ಕಪ್ಪಾಗಿದ್ದ ಸಿಮೆಂಟ್ ರಸ್ತೆಯ ಮೇಲೆ, ಅವಳ ಬೇಲಿಯಿಂದ ಮೇಲಿನ ಕೇರಿಯ ತಿರುವಿನವರೆಗೂ, ಅವನ ಬರಿಗಾಲಿನ ಬಿಳಿ ಹೆಜ್ಜೆಗಳು ಮೂಡುತ್ತಾ ಹೋದವು.