ಜಿಪ್ ಎಳೆದ ಮೇಲೆ ಆಡಿದ ಮಾತು

"ಮನೆಗೆ ಬಂದು, ಉಪ್ಪಿಟ್ಟು ತಿಂದು, ಹುಡುಗಿ ತಲೆ ಬಗ್ಗಿಸ್ಕೊಂಡು ಕೂತಿರೋದನ್ನ ನೋಡ್ಕೊಂಡು ಹೋಗೋದೆಲ್ಲ ಓಲ್ಡ್ ಫ್ಯಾಷನ್ನು ವೆಂಕಟರಾಮಪ್ಪನೋರೆ. ಎರಡು ಮನೆಯೋರೂ ಒಂದಿನ ಟೆಂಟಲ್ಲಿ ಇದ್ಬಿಡಣ. ಒಬ್ಬರ ಮನಸ್ಸು ಒಬ್ಬರಿಗೆ ತಿಳೀತದೆ."

ಗಂಡಿನ ತಾಯಿ ಮುನಿರತ್ನಮ್ಮ ಚಿಕ್ಕಬಳ್ಳಾಪುರದಿಂದ ಫೋನಿನಲ್ಲಿ ಹೀಗೆ ಹೇಳಿದಾಗ ವೆಂಕಟರಾಮಪ್ಪನಿಗೆ ಟೆಂಟಿನಲ್ಲಿ ಮನಸ್ಸು ಹೇಗೆ ತಿಳಿಯುತ್ತದೆಂದು ಅರ್ಥವಾಗಲಿಲ್ಲ. ಆದರೆ ಬೇಡ ಅಂದರೆ ಹಳ್ಳಿಯೋರು ಅಂದುಕೊಂಡಾರು ಎಂದು, "ನಾವೂ ಅದೇ ಅಂದ್ಕೊಂಡಿದ್ವಿ" ಎಂದುಬಿಟ್ಟ. ಮಾತು ಮುಗಿಯುವ ಮೊದಲು ಆಕೆ ಹುಡುಗಿ ಏನು ಓದಿದ್ದಾಳೆಂದು ಕೇಳಿದಳು. ಅದೇ ಭರದಲ್ಲಿ ಅವನು, "ಬಿ.ಎ." ಎಂದುಬಿಟ್ಟ.

ಮಗಳು ಹರಿತಾ ಓದಿದ್ದು ಹತ್ತನೇ ಕ್ಲಾಸು. ಅದಾದ ಮೇಲೆ ಹುಳುಮನೆ ಸೇರಿದವಳು, ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತ ಅಲ್ಲೇ ಬೆಳೆದಳು. ಹುಳುಮನೆಯಲ್ಲಿ ಮೆಲ್ಲಗೆ ನಡೆದು, ಮೆಲ್ಲಗೆ ಮಾತಾಡಿ, ನಾಲ್ಕು ಜನರ ಎದುರು ಬಾಯಿ ತೆರೆಯುವುದೇ ಮರೆತಂತಾಗಿತ್ತು. ಅವಳು ದನಿಯೆತ್ತಿ ಮಾತಾಡುತ್ತಿದ್ದುದು ಅಜ್ಜಿ ಅಕ್ಕಯ್ಯಮ್ಮನ ಹತ್ತಿರ ಮಾತ್ರ. ಅಜ್ಜಿಗೆ ಕಿವಿ ಮಂದ. ಬೇಡದ ಮಾತಿಗೆ ಪೂರ್ತಿ ಮಂದ, ಬೇಕಾದ ಮಾತಿಗೆ ಅಷ್ಟೇನಿಲ್ಲ ಎಂದು ಮನೆಯವರಿಗೆಲ್ಲ ಅನುಮಾನ.

"ಅಪ್ಪಾ, ನಾನು ಬಿ.ಎ. ಅಲ್ಲವಲ್ಲ" ಎಂದು ಹರಿತಾ ಅಡುಗೆಮನೆ ಬಾಗಿಲ ಹಿಂದಿನಿಂದ ಹೇಳಿದ್ದಳು.

"ಆಗ್ಬೇಕು ಅಂತ ಯಾರಮ್ಮ ಹೇಳಿದ್ದು? ಅಂದ್ಕೊಂಡ್ರೆ ಸಾಕು" ಎಂದಿದ್ದ ಅಪ್ಪ.

ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಸೊಪ್ಪಿಗೆ ಬಾಯಿಬಿಟ್ಟುಕೊಂಡು ಕೂತಿದ್ದವು. ಅವನ್ನು ಬಿಟ್ಟು ಬರಲಾಗದೆ ಹರಿತಾಳ ತಾಯಿ ಊರಲ್ಲೇ ಉಳಿದಳು. ಹರಿತಾ, ಅಪ್ಪ, ಅಜ್ಜಿ ಮೂವರೇ ವಿದುರಾಶ್ವತ್ಥದ ಪಕ್ಕದ ತಮ್ಮ ಹಳ್ಳಿಯಿಂದ ಹೊರಟು ಗೌರಿಬಿದನೂರಿನಲ್ಲಿ ಬಸ್ಸು ಹತ್ತಿದರು.

ರೆಸಾರ್ಟಿನ ಹೆಸರು ಡೈನೋ ವ್ಯಾಲಿ. ಬೆಟ್ಟದ ಬುಡದಲ್ಲಿ ಕೋಟ್ಯಂತರ ವರ್ಷದ ಹಿಂದಿನ ಕಾಡು ಎಂದು ಬೋರ್ಡಿತ್ತು. ಕಾಡೆಲ್ಲ ಸಿಮೆಂಟಿನದು. ಮರದ ಬೊಡ್ಡೆಯಂತೆ ಕಾಣುವ ಸ್ಟೂಲು ಪ್ಲಾಸ್ಟಿಕ್ಕಿನದು. ಯಾರಾದರೂ ಹತ್ತಿರ ಹೋದರೆ ಸಾಕು, ಹಸಿರು ಬಣ್ಣದ ಡೈನೋಸಾರ್ ಹೊಟ್ಟೆಯೊಳಗಿನ ಸ್ಪೀಕರಿನಿಂದ ಗರ್ಜಿಸುತ್ತಿತ್ತು.

"ಇದಕ್ಕೇನು ಹೊಟ್ಟೆನೋವಾ?" ಎಂದಳು ಅಕ್ಕಯ್ಯಮ್ಮ.

ಹುಲ್ಲುಹಾಸಿನ ಮೇಲೆ ಸಾಲಾಗಿ ಕಿತ್ತಳೆ ಬಣ್ಣದ ನೈಲಾನ್ ಟೆಂಟುಗಳು. ಹೆಣ್ಣಿನ ಕಡೆಯವರದು, ಗಂಡಿನ ಕಡೆಯವರದು ಪಕ್ಕಪಕ್ಕ. ಟೋಪಿ ಹಾಕಿದ್ದ ಗೈಡು ಎರಡು ಮನೆಯವರನ್ನೂ ನಿಲ್ಲಿಸಿಕೊಂಡು ವಿವರಿಸಿದ. "ಒಳಗೆ ಹೋದ್ಮೇಲೆ ಜಿಪ್ ಎಳ್ಕೊಳ್ಳಿ. ಅಷ್ಟೇ, ಫುಲ್ ಪ್ರೈವೆಸಿ!"

ಅಕ್ಕಯ್ಯಮ್ಮ ಟೆಂಟನ್ನು ಒಂದು ಸುತ್ತು ಹಾಕಿ ಬಂದಳು. "ಕಡ್ಲೆಕಾಯಿ ಹೊಲಕ್ಕೆ ಹಂದಿ ಬರ್ತವೆ ಅಂತ ನಿಮ್ ತಾತ ಹಿಂಗೇ ಗುಡಿಸಲು ಹಾಕ್ಕೊಂಡು ಮಲಗ್ತಿದ್ರು. ಇಲ್ಲೇನು ಬೆಳೆದವ್ರೆ?"

"ಹುಲ್ಲು ಅಜ್ಜೀ!"

"ಹುಲ್ಲಿಗೆ ಕಾವಲಾ?"

ಗಂಡು ರಮೇಶ್‌ಬಾಬು ಮೊದಲ ಸಲ ನಕ್ಕಿದ್ದು ಆಗ. ಅವನಿಗೆ ಇಸ್ತ್ರಿ ಮಾಡಿದ ಕೋಟು ಹಾಕಿಸಿದ್ದರು. ಬಿಸಿಲಿಗೆ ಬೆವರುತ್ತಿದ್ದ. ಯಾವುದೋ ಕಂಪನಿಯಲ್ಲಿ ಲಾಜಿಸ್ಟಿಕ್ಸ್ ಮ್ಯಾನೇಜರ್ ಎಂದು ಹೇಳಿದ್ದರು. ಲಾಜಿಸ್ಟಿಕ್ಸ್ ಅಂದರೇನೆಂದು ವೆಂಕಟರಾಮಪ್ಪ ಕೇಳಿರಲಿಲ್ಲ. ಹುಡುಗಿಯ ಬಿ.ಎ. ಯಾವ ಕಾಲೇಜಿನದೆಂದು ಅವರೂ ಕೇಳಿರಲಿಲ್ಲ. ಹೀಗಾಗಿ ಎರಡು ಕಡೆಯವರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ.

ಊಟಕ್ಕೆ ಕೂತಾಗ ಹುಡುಗನ ತಂದೆ ಚಲಪತಿ, "ಸಾಯಂಕಾಲ ಬೆಂಕಿ ಹಾಕ್ತಾರಂತೆ. ಅದರ ಮುಂದೇನೇ ತಾಂಬೂಲ ಬದಲಾಯಿಸ್ಕೊಂಬಿಡಣ" ಎಂದ. ವೆಂಕಟರಾಮಪ್ಪನ ಮುಖ ಅರಳಿತು. ಹರಿತಾ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ಎಲೆ ಅಡಿಕೆ ಕೈ ಬದಲಾದರೆ ಮಾತು ಮುಗಿದಂತೆ. ಆಮೇಲೆ ಸತ್ಯ ಹೇಳಿದರೆ ಎರಡು ಮನೆಗೂ ಅವಮಾನ. ಹೇಳದಿದ್ದರೆ ಬದುಕಿರುವಷ್ಟು ದಿನವೂ ಬಿ.ಎ. ಓದಿದವಳ ಹಾಗೆ ಓಡಾಡಬೇಕು. ಹೇಳುವುದಾದರೆ ಸಾಯಂಕಾಲದೊಳಗೆ ಹೇಳಬೇಕು. ಆದರೆ ಇಷ್ಟು ಜನರ ಮುಖ ನೋಡಿಕೊಂಡು ಹೇಗೆ ಹೇಳುವುದು? ಊಟದ ಉದ್ದಕ್ಕೂ ಎರಡು ಸಲ ಬಾಯಿ ತೆರೆದಳು. ಒಂದು ಸಲ ಮುನಿರತ್ನಮ್ಮ ಅವಳಿಗೆ ನೂಡಲ್ಸ್ ಬಡಿಸಿದಳು. ಇನ್ನೊಂದು ಸಲ ಡೈನೋಸಾರ್ ಗರ್ಜಿಸಿತು.

ಊಟವಾದ ಮೇಲೆ ಬಿಸಿಲೆಂದು ಎರಡು ಮನೆಯವರೂ ತಮ್ಮ ತಮ್ಮ ಟೆಂಟು ಹೊಕ್ಕು ಜಿಪ್ ಎಳೆದುಕೊಂಡರು. ಅಜ್ಜಿ ಊಟದ ಕಡೆಯೇ ಮರೆತು ಬಂದಿದ್ದ ಎಲೆಅಡಿಕೆ ಚೀಲ ತರಲು ಹರಿತಾ ಹೊರಗೆ ಬಂದಳು. ವಾಪಸು ಬರುವಾಗ ಗಂಡಿನ ಕಡೆಯ ಟೆಂಟಿನ ಹಿಂದೆ ಅವಳ ಕಾಲು ತಾನಾಗಿ ನಿಂತಿತು.

ಒಳಗೆ ತೆಲುಗಿನಲ್ಲಿ ಮಾತು ನಡೆದಿತ್ತು. ಎದುರಿಗಿದ್ದಾಗ ಮರ್ಯಾದೆಗೆ ಕನ್ನಡ, ಬಾಗಿಲು ಹಾಕಿಕೊಂಡ ಮೇಲೆ ಗುಟ್ಟಿಗೆ ತೆಲುಗು. ಈ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಇದೇ ಪದ್ಧತಿ. ಪಕ್ಕದ ಮನೆಯವರಿಗೂ ತೆಲುಗು ಬರುತ್ತದೆನ್ನುವುದು ಎಲ್ಲರಿಗೂ ಗೊತ್ತು, ಆದರೂ ಯಾರೂ ಪದ್ಧತಿ ಬಿಟ್ಟಿಲ್ಲ. ಮನೆಯಲ್ಲಾದರೆ ನಡುವೆ ಗೋಡೆಯಿರುತ್ತಿತ್ತು. ಇಲ್ಲಿದ್ದದ್ದು ಕೊಡೆಯ ಬಟ್ಟೆ. ಜಿಪ್ ಎಳೆದುಕೊಂಡಿದ್ದೇವೆಂಬ ಧೈರ್ಯಕ್ಕೆ ಮುನಿರತ್ನಮ್ಮನ ದನಿ ಇನ್ನೂ ಎತ್ತರವಾಗಿತ್ತು.

"ಹುಡುಗಿ ಬಾಯಿಲ್ಲದೋಳು, ಆದ್ರೆ ಬಿ.ಎ. ನಮ್ಮ ಬೀದಿ ಕಾನ್ವೆಂಟಿನ ಮೇಡಂಗೆ ಆಗ್ಲೇ ಹೇಳಿಟ್ಟಿದೀನಿ, ಸೊಸೆನ ಟೀಚರಾಗಿ ಕಳಿಸ್ತೀನಿ ಅಂತ."

ಹರಿತಾ ಚೀಲವನ್ನು ಎದೆಗೆ ಒತ್ತಿಕೊಂಡಳು.

"ಅಮ್ಮಾ" ಅದು ರಮೇಶ್‌ಬಾಬುವಿನ ದನಿ. "ನಾನು ಹೂವಿನ ಟೆಂಪೋ ಓಡಿಸೋನು ಅಂತ ಹೇಳಿಬಿಡಣ. ಈ ಕೋಟು ಹಾಕ್ಕೊಂಡು ಎಷ್ಟು ದಿನ ಇರಲಿ?"

"ನೋರು ಮೂಸ್ಕೋ!" ಎಂದಳು ತಾಯಿ. "ಬಾಯಿ ಮುಚ್ಕೊಂಡಿರು. ಡಿಗ್ರಿ ಓದಿರೋಳು ಟೆಂಪೋನೋನ್ನ ಒಪ್ತಾಳಾ? ತಾಂಬೂಲ ಆಗಲಿ."

ಹರಿತಾ ತಮ್ಮ ಟೆಂಟಿಗೆ ಬಂದಾಗ ಅಪ್ಪ ಬಟ್ಟೆಯ ಗೋಡೆಗೆ ಕಿವಿ ಹಚ್ಚಿಕೊಂಡು ಮಂಡಿಯ ಮೇಲೆ ಕೂತಿದ್ದ. ಅವಳನ್ನು ನೋಡಿ ಬೆರಳನ್ನು ತುಟಿಯ ಮೇಲಿಟ್ಟ. "ಟೆಂಪೋ ಅಂತೆ!" ಎಂದು ಪಿಸುಗುಟ್ಟಿದ. ಬೇಸರಪಡಬೇಕಾದವನ ಮುಖದಲ್ಲಿ ಎಂಥದೋ ನಿರಾಳ. "ಒಳ್ಳೇದೇ ಆಯ್ತು. ನಾಳೆ ನಿನ್ನ ವಿಷಯ ಗೊತ್ತಾದ್ರೂ ಅವರು ಬಾಯಿ ತೆಗೆಯಂಗಿಲ್ಲ. ಈಗ ನಮಗೇನೂ ಕೇಳಿಸಿಲ್ಲ, ತಿಳೀತಾ?"

"ಅಪ್ಪಾ, ಈಗ್ಲೇ ಹೇಳಿಬಿಡಣ."

"ಮೆಲ್ಲಗೆ ಕಣಮ್ಮ! ಟೆಂಟಲ್ಲಿ ಆಡಿದ್ದೆಲ್ಲ ಆಚೆ ಕೇಳಿಸ್ತದೆ" ಎಂದು ಅವಳನ್ನು ಗದರಿ, ಜಿಪ್ ತೆಗೆದು ಹೊರಗೆ ಹೋದ.

ಹೊರಗೆ ಚಲಪತಿಯೂ ಬಂದಿದ್ದ. ಇಬ್ಬರೂ ಪ್ಲಾಸ್ಟಿಕ್ ಬೊಡ್ಡೆಯ ಮೇಲೆ ಟೀ ಹಿಡಿದು ಕೂತರು. "ನಿಮ್ಮ ಹುಡುಗನ ಕೆಲಸದ ಜವಾಬ್ದಾರಿ ದೊಡ್ಡದು" ಎಂದ ವೆಂಕಟರಾಮಪ್ಪ. "ವಿದ್ಯಾವಂತ ಮಗಳನ್ನ ಕೊಡ್ತಿದೀರಿ, ನಿಮ್ಮದೇ ದೊಡ್ಡತನ" ಎಂದ ಚಲಪತಿ. ಟೆಂಟಿನ ಬಟ್ಟೆಯ ಮೇಲೆ ಇಬ್ಬರ ನೆರಳೂ ಒಂದಕ್ಕೊಂದು ತಲೆದೂಗಿದವು.

ಹರಿತಾ ಆ ನೆರಳುಗಳನ್ನೇ ನೋಡುತ್ತ ಕೂತಳು. ಅಪ್ಪ ಹೇಳಿದ್ದು ನಿಜ, ಆಡಿದ್ದೆಲ್ಲ ಆಚೆ ಕೇಳಿಸುತ್ತದೆ. ಅಂದರೆ ಇಲ್ಲಿಂದ ಯಾರ ಮುಖವನ್ನೂ ನೋಡದೆ ಎಲ್ಲರಿಗೂ ಹೇಳಬಹುದು. ಅವಳು ತೆವಳಿಕೊಂಡು ಹೋಗಿ ಜಿಪ್ಪನ್ನು ಕೊನೆಯವರೆಗೂ ಎಳೆದಳು. ಅಡಿಕೆ ಕತ್ತರಿಸುತ್ತಿದ್ದ ಅಜ್ಜಿಯ ಪಕ್ಕ ಕೂತು, ಸೊಪ್ಪಿನ ತೋಟದ ಆ ತುದಿಯಿಂದ ಕರೆಯುವಷ್ಟು ಗಟ್ಟಿಯಾಗಿ ಹೇಳಿದಳು.

"ಅಜ್ಜೀ! ನಾನು ಓದಿರೋದು ಹತ್ತನೇ ಕ್ಲಾಸು!"

ಹೊರಗಿನ ನೆರಳುಗಳು ತಲೆದೂಗುವುದನ್ನು ನಿಲ್ಲಿಸಿದವು.

"ಏನೂ?" ಎಂದಳು ಅಜ್ಜಿ.

"ಹತ್ತನೇ ಕ್ಲಾಸು! ಬಿ.ಎ. ಅಲ್ಲ! ಅಪ್ಪ ಸುಮ್ನೆ ಹೇಳಿದ್ದು!"

"ಇನ್ನೊಂದ್ಸಲ ಹೇಳಮ್ಮ. ಹಾಳು ಕಿವಿ" ಎಂದಳು ಅಜ್ಜಿ. ಅವಳ ಕಣ್ಣು ಮಾತ್ರ ಅಡಿಕೆ ಬಿಟ್ಟು ಹರಿತಾಳ ಮುಖ ನೋಡುತ್ತಿತ್ತು.

"ನಾನು ಹುಳು ಸಾಕೋಳು! ಸೊಪ್ಪು ಕುಯ್ಯೋಕೆ ಬರ್ತದೆ, ಗೂಡು ಕಟ್ಟೋಕೆ ಹಣ್ಣುಹುಳನ ಚಂದ್ರಿಕೆ ತಟ್ಟೆ ಮೇಲೆ ಬಿಡೋಕೆ ಬರ್ತದೆ. ಕಾನ್ವೆಂಟಲ್ಲಿ ಪಾಠ ಹೇಳೋಕೆ ಬರಲ್ಲ! ಟೆಂಪೋ ಓಡಿಸೋರು ಅಂದ್ರೆ ನನಗೇನೂ ಬೇಜಾರಿಲ್ಲ! ಸುಳ್ಳು ಹೇಳ್ಕೊಂಡು ಇರೋದೇ ಬೇಜಾರು!"

ಹೊರಗೆ ಟೀ ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ ಚಲಪತಿಯ ದನಿ ಬಂತು. "ಗಾಳಿ ಚೆನ್ನಾಗೈತೆ."

"ಹೌದೌದು. ಬೆಟ್ಟದ ಗಾಳಿ" ಎಂದ ಅವಳ ಅಪ್ಪ.

ಆಗ ಪಕ್ಕದ ಟೆಂಟಿನಿಂದ ಅವಳದಕ್ಕಿಂತ ಗಟ್ಟಿಯಾದ ದನಿಯೆದ್ದಿತು. ಈ ಸಲ ತೆಲುಗಲ್ಲ, ಅಪ್ಪಟ ಕನ್ನಡ.

"ಅಮ್ಮಾ! ನಾನು ಹೂವಿನ ಟೆಂಪೋ ಓಡಿಸೋನು!"

"ನನಗೆ ಗೊತ್ತಿಲ್ವೇನೋ? ನನ್ನ ಕಿವಿಗ್ಯಾಕೆ ಕಿರುಚ್ತೀಯ?" ಎಂದಳು ಮುನಿರತ್ನಮ್ಮ.

"ಸೇವಂತಿಗೆ ಮೂಟೆ ತುಂಬ್ಕೊಂಡು ಬೆಳಕು ಹರಿಯೋ ಮುಂಚೆ ಮಾರ್ಕೆಟ್ಟಿಗೆ ಹಾಕ್ತೀನಿ! ಈ ಕೋಟು ನನ್ನದಲ್ಲ, ಮಾವಂದು!"

"ಅಯ್ಯೋ, ಕೋಟಿನ ವಿಷಯ ಯಾರೋ ಕೇಳಿದ್ರು! ಕಾನ್ವೆಂಟಿನ ಮೇಡಂಗೆ ನಾನೇನು ಹೇಳ್ಲಿ ಈಗ?"

ಹೊರಗೆ ಚಲಪತಿ ಕೆಮ್ಮಿದ. ಮೊದಲೇ ಮಾತಾಡಿಕೊಂಡವರಂತೆ ಇಬ್ಬರು ತಂದೆಯರೂ ಒಟ್ಟಿಗೆ ಎದ್ದರು. "ತಾಂಬೂಲಕ್ಕೆ ಇವತ್ತು ದಿನ ಅಷ್ಟು ಸರಿಯಿಲ್ಲ ಅನ್ಸುತ್ತೆ" ಎಂದ ಒಬ್ಬ. "ನಮಗೂ ಹುಳುವಿಗೆ ಸೊಪ್ಪು ಹಾಕೋಕೆ ಹೋಗ್ಬೇಕು" ಎಂದ ಇನ್ನೊಬ್ಬ. ಇಬ್ಬರೂ ಕ್ಯಾಂಪ್‌ಫೈರ್ ಬೇಡವೆಂದು ಹೇಳಲು ಗೈಡನ್ನು ಹುಡುಕಿಕೊಂಡು ಹೋದರು. ಅವರು ಹಾದುಹೋದದ್ದಕ್ಕೆ ಡೈನೋಸಾರ್ ಗರ್ಜಿಸಿತು.

ಹರಿತಾ ಹೊದಿಕೆ ಮಡಿಸತೊಡಗಿದಳು. ಎಲ್ಲ ಮುಗಿಯಿತು ಅನಿಸಿತು. ಹಾಗೆ ಅನಿಸಿದರೂ ಊಟದ ಹೊತ್ತಿನಲ್ಲಿ ಇಲ್ಲದ ಹಸಿವು ಈಗ ಬಂದಿತ್ತು. ಈಗ ಯಾರಾದರೂ ಕೊಟ್ಟರೆ ಆ ನೂಡಲ್ಸನ್ನೂ ತಿಂದಾಳು.

"ಅಮ್ಮಾ" ಎಂದಿತು ಪಕ್ಕದ ಟೆಂಟು. ದನಿಯಲ್ಲಿ ಈಗ ಕಿರುಚಾಟವಿರಲಿಲ್ಲ, ಆದರೆ ಎಲ್ಲರಿಗೂ ಕೇಳುವಂತಿತ್ತು. "ಬರೋ ಭಾನುವಾರ ವಿದುರಾಶ್ವತ್ಥದ ಕಡೆಗೆ ಹೂವು ತುಂಬೋಕೆ ಹೋಗ್ತೀನಿ. ಟೆಂಪೋದಲ್ಲೇ. ಆ ಕಡೆ ಯಾರ ಮನೇಲಾದ್ರೂ ಉಪ್ಪಿಟ್ಟು ಸಿಗ್ತದಾ?"

ಈ ಸಲ ಮುನಿರತ್ನಮ್ಮ ಬಾಯಿ ಮುಚ್ಕೊಂಡಿರು ಎನ್ನಲಿಲ್ಲ.

ಹರಿತಾಳ ಕೈ ಹೊದಿಕೆಯ ಮೇಲೆ ನಿಂತಿತು. ಅವಳು ಅಜ್ಜಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು.

"ಸಿಗ್ತದೆ ಅಜ್ಜೀ!"

"ನಾನೆಲ್ಲಿ ಕೇಳಿದ್ನೇ?" ಎಂದ ಅಕ್ಕಯ್ಯಮ್ಮ, ಎಲೆಗೆ ಸುಣ್ಣ ಸವರಿ ಮಡಿಸಿ, ಬಟ್ಟೆಯ ಗೋಡೆಯ ಕಡೆಗೆ ಮುಖ ಮಾಡಿ ತಾನೂ ಗಟ್ಟಿಯಾಗಿಯೇ ಸೇರಿಸಿದಳು. "ಕೋಟು ಹಾಕ್ಕೊಂಡು ಬಂದ್ರೆ ಸಿಗಲ್ಲ!"